ಮುಂಡಾಸು ಬಿಚ್ಚಿದ ಮೇಲೂ ಉಳಿಯುವುದು

ಬಣ್ಣ ಹಚ್ಚಿ ಮುಂಡಾಸು ಕಟ್ಟಿಕೊಂಡ ಮೇಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ‘ಅರ್ಜುನ ತಯಾರಾ?’, ‘ಕರ್ಣನಿಗೊಂದು ಲೋಟ ಚಾ ಕೊಡಿ’ ಎಂದೇ ಮಾತು. ಹಗಲಿನಲ್ಲಿ ನಾನು ಕುಂದಾಪುರ ಕಡೆಯ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಕೂರುವವಳು. ಆಟವಿರುವ ರಾತ್ರಿ ಹವ್ಯಾಸಿ ಯಕ್ಷಗಾನ ತಂಡವೊಂದರಲ್ಲಿ ಬಡಗುತಿಟ್ಟಿನ ಪುರುಷವೇಷ ಮಾಡುವವಳು. ಈ ಎರಡರ ನಡುವೆ ವರ್ಷಗಟ್ಟಲೆ ಓಡಾಡಿದ್ದರಿಂದ ಒಂದು ಮಾತು ನನಗೆ ಖಚಿತವಾಗಿದೆ. ವೇಷ ಎರಡು ಕೆಲಸ ಮಾಡುತ್ತದೆ: ಕಟ್ಟಿಕೊಂಡವರ ಮೈಯನ್ನು ತಿದ್ದುತ್ತದೆ, ನೋಡುವವರ ಕಣ್ಣನ್ನೂ ತಿದ್ದುತ್ತದೆ. ಮೈ ಕಲಿತದ್ದು ವೇಷ ಬಿಚ್ಚಿದ ಮೇಲೂ ನಮ್ಮ ಜತೆ ಉಳಿಯುತ್ತದೆ. ಕಣ್ಣು ಕೊಟ್ಟ ಗೌರವ ಮಾತ್ರ ಬಹಳ ಸಲ ವೇಷದ ಜತೆಗೇ ಪೆಟ್ಟಿಗೆ ಸೇರಿಬಿಡುತ್ತದೆ.

ಮೈ ಕಲಿಯುವ ಪಾಠ

ಯಕ್ಷಗಾನದಲ್ಲಿ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದು ವಾಡಿಕೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ಮುಖಕ್ಕೆ ತೆಳುವಾಗಿ ತೆಂಗಿನೆಣ್ಣೆ ಸವರಿ, ಬಿಳಿ, ಹಳದಿ, ಕೆಂಪು ಪುಡಿಗಳನ್ನು ಅಂಗೈಯಲ್ಲೇ ಬೆರೆಸಿ ಹದ ಮಾಡಿಕೊಳ್ಳಬೇಕು. ಆಮೇಲೆ ಹಣೆಗೆ ನಾಮ, ಹುಬ್ಬಿನ ಗೀಟು, ಕಣ್ಣಂಚಿನ ಕಪ್ಪು. ಎಡಗೈಯಲ್ಲಿ ಪುಟ್ಟ ಕನ್ನಡಿ, ಬಲಗೈಯಲ್ಲಿ ಕಡ್ಡಿ. ಹುಬ್ಬಿನ ಕೊನೆ ಒಂದು ಕೂದಲೆಳೆಯಷ್ಟು ಮೇಲೆದ್ದರೆ ವೀರನ ಮುಖ ಸಿಟ್ಟಿನ ಮುಖವಾಗುತ್ತದೆ. ಅಷ್ಟೇ ಕೆಳಗಿಳಿದರೆ ಅಳುಮೋರೆಯಾಗುತ್ತದೆ. ಹೀಗೆ ಒಂದು ಗಂಟೆಗೂ ಹೆಚ್ಚು ಹೊತ್ತು ತನ್ನ ಮುಖವನ್ನೇ ಎವೆಯಿಕ್ಕದೆ ನೋಡುತ್ತ ಕೂರುವ ಅವಕಾಶ ಸಂಸಾರದ ಹೆಂಗಸಿಗೆ ಬೇರೆಲ್ಲೂ ಸಿಗುವುದಿಲ್ಲ. ಮನೆಯ ಕನ್ನಡಿಯಲ್ಲಿ ನಾನು ನೋಡುವುದು ಕುಂಕುಮ ಸರಿಯಿದೆಯೇ, ಕೂದಲು ಕೆದರಿದೆಯೇ ಎಂದಷ್ಟೇ. ಚೌಕಿಯ ಕನ್ನಡಿಯಲ್ಲಿ ನನ್ನ ಕಣ್ಣು ಎಷ್ಟು ದೊಡ್ಡದಾಗಿ ಅರಳಬಲ್ಲದು, ನನ್ನ ದವಡೆ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕುತ್ತೇನೆ.

ಮುಖವಾದ ಮೇಲೆ ಮೈ. ಕಸೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟು, ಡಾಬು ಕಟ್ಟುತ್ತ ಬಂದಂತೆ ಮೈಯ ಅಗಲ ಹೆಚ್ಚುತ್ತದೆ. ಬಡಗಿನ ಈ ಆಭರಣಗಳು ಹಗುರ ಮರದಲ್ಲಿ ಕೆತ್ತಿ, ಬೇಗಡೆ ಹಾಕಿ, ಕನ್ನಡಿ ಚೂರು ಕೂರಿಸಿದಂಥವು. ಮರ ಹಗುರವಾದರೂ ಎಲ್ಲ ಸೇರಿದಾಗ ಭಾರ ಇದ್ದೇ ಇರುತ್ತದೆ. ಕೊನೆಗೆ ಮುಂಡಾಸು. ಬಟ್ಟೆ ಸುತ್ತಿ ಬಿಗಿದ ಮೇಲೆ ತಲೆ ತಗ್ಗಿಸಲು ಆಗುವುದಿಲ್ಲ, ತಗ್ಗಿಸಿದರೆ ಮುಂಡಾಸು ವಾಲುತ್ತದೆ. ಕೈಗಳನ್ನು ಮೈಗೆ ಅಂಟಿಸಿಕೊಳ್ಳಲು ಆಗುವುದಿಲ್ಲ, ಅಂಟಿಸಿದರೆ ಭುಜಕೀರ್ತಿ ತಾಗುತ್ತದೆ. ಕಾಲು ಜೋಡಿಸಿ ನಿಂತರೆ ಗೆಜ್ಜೆಯ ಭಾರಕ್ಕೂ ಮೇಲಿನ ಭಾರಕ್ಕೂ ತೂಕ ತಪ್ಪುತ್ತದೆ.

ಹುಡುಗಿಯಾಗಿದ್ದಾಗಿನಿಂದ ಮನೆಯಲ್ಲಿ ಕೇಳುತ್ತ ಬಂದದ್ದು ಇದೇ ಮೂರರ ವಿರುದ್ಧದ ಬುದ್ಧಿಮಾತು: ತಲೆ ತಗ್ಗಿಸಿ ನಡಿ, ಕೈ ಬೀಸಬೇಡ, ಕಾಲು ಜೋಡಿಸಿ ಕೂರು. ವೇಷ ಆ ಮೂರನ್ನೂ ಒಂದೇ ರಾತ್ರಿಯಲ್ಲಿ ತಿರುಗಿಸಿ ಹಾಕಿತು. ‘ಧೈರ್ಯ ತಂದುಕೋ’ ಎಂದು ಗುರುಗಳು ನನಗೆ ಎಂದೂ ಹೇಳಲಿಲ್ಲ. ವೃತ್ತಿಮೇಳಗಳಲ್ಲಿ ತಿರುಗಾಟ ಮಾಡಿದ ಅವರು, ‘ಮುಂಡಾಸು ಹೇಳಿದ ಹಾಗೆ ನಿಲ್ಲಿ, ಸಾಕು’ ಎಂದಿದ್ದರು. ನಿಂತೆ. ಹಾಗೆ ನಿಂತದ್ದರ ಹಿಂದೆಯೇ ಧೈರ್ಯ ಬಂತು. ಧೈರ್ಯ ಮೊದಲು ಮನಸ್ಸಿಗೆ ಬರಬೇಕು, ಆಮೇಲೆ ಮೈಗೆ ಇಳಿಯುತ್ತದೆ ಎಂದುಕೊಳ್ಳುವವರು ಬಹಳ. ನನ್ನ ಅನುಭವದಲ್ಲಿ ಅದು ಮೈಯಿಂದ ಮನಸ್ಸಿಗೆ ಏರಿತು. ಈಗ ಸಂಘದ ಮಹಾಸಭೆಯಲ್ಲಿ ಎದ್ದು ಮಾತಾಡುವಾಗ ನನ್ನ ಪಾದಗಳು ತಾವಾಗಿ ಅಗಲವಾಗಿ ನೆಲ ಹಿಡಿಯುತ್ತವೆ, ಕತ್ತು ನೇರವಾಗುತ್ತದೆ. ಆಗ ನನ್ನ ತಲೆಯ ಮೇಲೆ ಯಾವ ಮುಂಡಾಸೂ ಇರುವುದಿಲ್ಲ.

ನೋಡುವವರ ಕಣ್ಣು

ಯಕ್ಷಗಾನದ ಪ್ರೇಕ್ಷಕನಿಗೆ ವೇಷ ಒಂದು ಭಾಷೆ. ಬಡಗಿನಲ್ಲಿ ಅರ್ಜುನ, ಕರ್ಣರಂಥವರಿಗೆ ಮುಂಡಾಸು. ಧರ್ಮರಾಯ, ದೇವೇಂದ್ರರಂಥ ಅರಸರಿಗೆ ಕಿರೀಟ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ಪಾತ್ರಧಾರಿ ಬಾಯಿ ಬಿಡುವ ಮೊದಲೇ, ಪರದೆಯ ಮೇಲಂಚಿನಲ್ಲಿ ತಲೆ ಕಂಡೊಡನೆ, ಇವನು ಯಾವ ದರ್ಜೆಯವನು, ಯಾವ ಸ್ವಭಾವದವನು ಎಂದು ಪ್ರೇಕ್ಷಕ ಓದಿಬಿಡುತ್ತಾನೆ. ಚೌಕಿಯೊಳಗೂ ಹಾಗೆಯೇ. ಸಾಂಪ್ರದಾಯಿಕ ಮೇಳಗಳಲ್ಲಿ ಯಾವ ವೇಷದವರು ಎಲ್ಲಿ ಕೂರಬೇಕು ಎಂಬ ಕ್ರಮವೇ ಇದೆ. ಹೀಗೆ ಹೊರರೂಪವನ್ನು ಇಷ್ಟು ಶಾಸ್ತ್ರೋಕ್ತವಾಗಿ ಓದುವ ಕಣ್ಣಿನ ಎದುರು ಹೆಂಗಸೊಬ್ಬಳು ಪುರುಷವೇಷದಲ್ಲಿ ಬಂದರೆ ಏನಾಗುತ್ತದೆ?

ಮೊದಲು ಏನೂ ಆಗುವುದಿಲ್ಲ. ಬಣ್ಣ, ಮೀಸೆ, ಮುಂಡಾಸು ಸೇರಿದಾಗ ಕಾಣುವುದು ಅರ್ಜುನ. ಆಟಕ್ಕೆ ಮುಂಚೆ ನಾನು ವೇಷದಲ್ಲಿ ಚೌಕಿಯಿಂದ ಹೊರಗೆ ಬಂದರೆ ಜನ ತಾವಾಗಿ ದಾರಿ ಬಿಡುತ್ತಾರೆ. ವಯಸ್ಸಾದವರೂ ಕುರ್ಚಿ ಸರಿಸಿ ‘ಬನ್ನಿ, ಕೂಕಣಿ’ ಎನ್ನುತ್ತಾರೆ. ಅದೇ ಜನರ ನಡುವೆ ಬೆಳಗ್ಗೆ ಸೀರೆಯುಟ್ಟು ಬಸ್ಸಿಗೆ ಕಾಯುವಾಗ ಯಾರೂ ದಾರಿ ಬಿಟ್ಟದ್ದಿಲ್ಲ. ಕೌಂಟರಿನಲ್ಲಿ ನಾನು ಹೇಳಿದ ಬಡ್ಡಿದರವನ್ನು ನಂಬದೆ, ಪಕ್ಕದಲ್ಲಿ ಕೂತ, ನನಗಿಂತ ಕಿರಿಯ ಗಂಡಸರ ಹತ್ತಿರ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವವರಿದ್ದಾರೆ. ಬುದ್ಧಿಯೂ ನಾಲಗೆಯೂ ಎರಡೂ ಕಡೆ ನನ್ನವೇ. ಬೇರೆಯಾದದ್ದು ಕಾಣುವ ರೂಪ ಮಾತ್ರ. ಒಬ್ಬರ ಮಾತಿಗೆ ಎಷ್ಟು ತೂಕ ಎಂಬುದನ್ನು ಜನ ಮಾತು ಕೇಳುವ ಮೊದಲೇ ತೀರ್ಮಾನಿಸಿರುತ್ತಾರೆ ಎಂಬುದು ನನಗೆ ಹೊಳೆದದ್ದು ಈ ಎರಡು ಅನುಭವಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ.

ರಂಗದ ಮೇಲೆ ನಾನು ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ಬಾಯಿ ಬಿಟ್ಟ ಕ್ಷಣ ಇನ್ನೊಂದು ಬದಲಾವಣೆ. ದನಿ ಹೆಣ್ಣಿನದು. ಮುಂದಿನ ಸಾಲಿನಲ್ಲಿ ಸಣ್ಣ ಗುಸುಗುಸು ಹುಟ್ಟುತ್ತದೆ. ಅಲ್ಲಿಂದ ಮುಂದೆ ಕೆಲವರು ಅರ್ಜುನನನ್ನು ನೋಡುವುದು ಬಿಟ್ಟು ‘ಹೆಂಗಸು ಮಾಡುವ ಅರ್ಜುನ’ನನ್ನು ನೋಡತೊಡಗುತ್ತಾರೆ. ಆಟ ಮುಗಿದ ಮೇಲೆ ‘ಹೆಂಗಸಾಗಿ ಇಷ್ಟು ಮಾಡಿದ್ರಲ್ಲ, ದೊಡ್ಡದು’ ಎಂದು ಮೆಚ್ಚಿಕೊಳ್ಳುವವರ ಮನಸ್ಸು ಒಳ್ಳೆಯದೇ. ಆದರೂ ಆ ಮೆಚ್ಚುಗೆಯಲ್ಲಿ ರಿಯಾಯಿತಿ ಇದೆ. ಕುಣಿತದಲ್ಲಿ ನನ್ನ ಹೆಜ್ಜೆ ತಾಳಕ್ಕೆ ಕೂತಿತೇ, ಎದುರು ವೇಷದವರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಹುರುಳಿತ್ತೇ ಎಂದು ಕೇಳಿ, ಇಲ್ಲದಿದ್ದರೆ ಬಯ್ದರೂ ನನಗೆ ಸಂತೋಷ. ಯಕ್ಷಗಾನದ ಇನ್ನೊಂದು ಶೈಲಿಯಾದ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿ ಭಾಗವತರಾಗಿ ಹಾಡಿದಾಗ ಅವರೂ ಇಂಥ ಕಣ್ಣುಗಳನ್ನು ಎದುರಿಸಿರಲೇಬೇಕು. ಅವರ ಪದ್ಯಕ್ಕೆ ಚೆಂಡೆ ಏರಿದಾಗ ಕುಣಿಯುವ ಕಾಲುಗಳು ಹಾಡುವವರು ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಈ ಹಾದಿಯಲ್ಲಿ ನಡೆಯುವ ನಮಗೆಲ್ಲ ಅದು ದೊಡ್ಡ ಆಸರೆ.

ಬಣ್ಣ ತೆಗೆದ ಮೇಲಿನ ಸ್ತ್ರೀವೇಷ

ನನ್ನ ಅನುಭವದ ಇನ್ನೊಂದು ಮಗ್ಗುಲನ್ನು ತೋರಿಸಿದ್ದು ನಮ್ಮ ತಂಡದ ಜತೆ ಆಗಾಗ ವೇಷ ಮಾಡುವ ಒಬ್ಬ ಸ್ತ್ರೀವೇಷಧಾರಿ. ವಯಸ್ಸಿನಲ್ಲಿ ನನಗಿಂತ ಕಿರಿಯ, ನನ್ನನ್ನು ಅಕ್ಕ ಎನ್ನುತ್ತಾನೆ. ಸೀರೆಯುಟ್ಟು ಜಡೆ ಇಳಿಬಿಟ್ಟು ದ್ರೌಪದಿಯಾಗಿಯೋ ದಮಯಂತಿಯಾಗಿಯೋ ಅವನು ರಂಗಕ್ಕೆ ಬಂದರೆ ಸಭೆ ಮಾತು ನಿಲ್ಲಿಸುತ್ತದೆ. ಕೈಯ ಒಂದು ತಿರುವಿನಲ್ಲಿ, ಕಣ್ಣಿನ ಒಂದು ಕೊಂಕಿನಲ್ಲಿ ಅವನು ತೋರಿಸುವ ಹೆಣ್ತನವನ್ನು ಹೆಣ್ಣಾದ ನಾನೇ ಕಣ್ಣಿಟ್ಟು ನೋಡಿ ಕಲಿತಿದ್ದೇನೆ. ಆ ಕೌಶಲವನ್ನು ಪಡೆಯಲು ಅವನು ನಡಿಗೆಯನ್ನೇ ತಿದ್ದಿಕೊಂಡವನು, ತಿರುಗಾಟದ ತಿಂಗಳುಗಳಲ್ಲಿ ಮೀಸೆ ಬಿಡದವನು. ಹಗಲಿನಲ್ಲಿ ಅದೇ ನಡಿಗೆಗೆ ಬಸ್‌ಸ್ಟ್ಯಾಂಡಿನಲ್ಲಿ ಕುಹಕ. ಹೆಣ್ಣು ನೋಡಲು ಹೋದ ಕಡೆ ‘ಹುಡುಗ ಸ್ತ್ರೀವೇಷದವನಂತೆ’ ಎಂಬ ಪಿಸುಮಾತು. ಒಂದು ಮುಂಜಾವ ಬಣ್ಣ ತೆಗೆಯುತ್ತ ಕೂತಾಗ ಅವನು ಹೇಳಿದ: ‘ಅಕ್ಕಾ, ನಿಮ್ಗ್ ವೇಷ ಕಟ್ರೆ ಮರ್ಯಾದಿ ಹೆಚ್ಚಾತ್ತ್. ನಮ್ಗ್ ವೇಷ ಬಿಚ್ಚಿದ್ ಮೇಲೆ ಇಪ್ಪು ಮರ್ಯಾದಿಯೂ ಕಮ್ಮಿ ಆತ್ತ್.’

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಹೆಣ್ಣು ಗಂಡಿನ ವೇಷ ತೊಟ್ಟರೆ ಮೇಲೇರಿದಳೆಂದು ಸಮಾಜ ಬೆರಗಾಗುತ್ತದೆ. ಗಂಡು ಹೆಣ್ಣಿನ ವೇಷ ತೊಟ್ಟರೆ ಕೆಳಗಿಳಿದನೆಂದು ನಗುತ್ತದೆ. ಬೆರಗಿಗೂ ನಗುವಿಗೂ ಬೇರು ಒಂದೇ: ಹೆಣ್ಣಾಗಿರುವುದು ಒಂದು ಮೆಟ್ಟಿಲು ಕೆಳಗೆ ಎಂಬ ನಂಬಿಕೆ. ಕೋಳ್ಯೂರು ರಾಮಚಂದ್ರ ರಾಯರಂಥ ಕಲಾವಿದರು ಸ್ತ್ರೀವೇಷಕ್ಕೆ ತಂದುಕೊಟ್ಟ ಘನತೆ ನಮ್ಮ ಕರಾವಳಿಗೆ ಗೊತ್ತು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರ ಜತೆಗೂಡಿ ಕಟ್ಟಿದ ಏಕವ್ಯಕ್ತಿ ಯಕ್ಷಗಾನ ಇಡೀ ನಿಂತದ್ದೇ ಸ್ತ್ರೀವೇಷದ ಮೇಲೆ. ಅತ್ತ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಸೀರೆಯುಟ್ಟ ರೀತಿಯನ್ನು, ಮುಡಿದ ರೀತಿಯನ್ನು ಮನೆತನಸ್ಥ ಹೆಂಗಸರೇ ಅನುಕರಿಸಿದ್ದರು. ಹೆಣ್ಣು ಹೇಗೆ ಕಾಣಬೇಕೆಂಬ ಮಾದರಿಯನ್ನು ಒಬ್ಬ ಗಂಡಸು ರಂಗದಿಂದ ಮನೆಗಳಿಗೆ ಕಳಿಸಿದ. ಹೆಣ್ತನ, ಗಂಡಸುತನ ಎಂದು ನಾವು ಹುಟ್ಟಿನ ಲೆಕ್ಕಕ್ಕೆ ಬರೆದಿಟ್ಟ ಎಷ್ಟೋ ಸಂಗತಿಗಳು ಅಭ್ಯಾಸದಿಂದ ಬಂದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೃಹನ್ನಳೆಯ ಹತ್ತು ಹೆಸರು

ನಾನು ಮಾಡಿದ ವೇಷಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ವಿರಾಟಪರ್ವದ ಬೃಹನ್ನಳೆ. ಊರ್ವಶಿಯ ಶಾಪದಿಂದ ಅಜ್ಞಾತವಾಸದಲ್ಲಿ ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾಗಿ ವಿರಾಟನ ಅಂತಃಪುರದಲ್ಲಿರುತ್ತಾನೆ. ಹೆಣ್ಣಾದ ನಾನು ಗಂಡಾಗಬೇಕು, ಆ ಗಂಡು ಮತ್ತೆ ಸೀರೆಯೊಳಗೆ ಅಡಗಬೇಕು. ಹೆಂಗಸಿಗೆ ಇದು ಸಲೀಸು ಎಂದು ಹಲವರು ಹೇಳಿದರು. ಗುರುಗಳು ತಲೆಯಾಡಿಸಲಿಲ್ಲ. ‘ನೀವು ಹೆಂಗಸಿನ ಹಾಗೆ ನಡೆದರೆ ಜನರಿಗೆ ಕಾಣುವುದು ಬರೀ ಹೆಂಗಸು. ಬಿಲ್ಲು ಹಿಡಿದ ತೋಳು ಬಳೆ ತೊಟ್ಟಿದೆ ಎಂದು ಕಾಣಬೇಕು’ ಎಂದರು. ಅವರು ಅದನ್ನು ಮಾಡಿ ತೋರಿಸಿದ್ದು ಈಗಲೂ ಕಣ್ಣಲ್ಲಿದೆ. ಬೆರಳುಗಳಲ್ಲಿ ಮೃದುವಾದ ನಾಟ್ಯಮುದ್ರೆ. ಮೊಣಕೈಯಿಂದ ಮೇಲೆ ಮಾತ್ರ ತೋಳು ಹೆದೆ ಎಳೆದಂತೆ ಬಿಗಿ. ಕಾಲು ಪುಟ್ಟ ಹೆಜ್ಜೆ ಇಡುತ್ತದೆ, ಕಣ್ಣು ದೂರದ ಧೂಳನ್ನು ಅಳೆಯುತ್ತದೆ. ಇಬ್ಬರು ಒಂದೇ ಮೈಯಲ್ಲಿ ವಾಸವಾಗಿರುವುದನ್ನು ಆ ದಿನ ಕಣ್ಣಾರೆ ನೋಡಿದೆ. ನಮ್ಮಲ್ಲಿ ಬಹುಮಂದಿ ಬದುಕುವುದೂ ಹೀಗೆಯೇ. ಅಡುಗೆಮನೆಯಲ್ಲಿ ಕಾಣುವ ಹೆಂಗಸಿನ ತೋಳಿನಲ್ಲೂ ಯಾವುದೋ ಹೆದೆಯ ಬಿಗಿ ಇರುತ್ತದೆ, ನೋಡುವವರು ಬಳೆಯ ಹತ್ತಿರ ನಿಂತುಬಿಡುತ್ತಾರೆ.

ಆ ಪ್ರಸಂಗದ ಹೃದಯ ಇರುವುದು ವಿರಾಟನ ಮಗ ಉತ್ತರನ ಎದುರು ಅರ್ಜುನ ತನ್ನ ಗುರುತು ಬಿಚ್ಚುವಲ್ಲಿ. ಕೌರವ ಸೇನೆಯನ್ನು ಕಂಡು ಓಡಿದ ಉತ್ತರನನ್ನು ಹಿಡಿದು ತಂದು, ಶಮೀವೃಕ್ಷದ ಬಳಿ ನಿಲ್ಲಿಸಿ, ತಾನು ಅರ್ಜುನ ಎನ್ನುತ್ತಾನೆ. ಉತ್ತರ ಒಡನೆ ನಂಬುವುದಿಲ್ಲ, ಎದುರಿಗಿರುವುದು ಸೀರೆಯುಟ್ಟ ನಾಟ್ಯಗುರು. ಆಗ ಅರ್ಜುನ ತನ್ನ ಹತ್ತು ಹೆಸರುಗಳನ್ನೂ ಒಂದೊಂದು ಹೆಸರು ಬಂದ ಕಾರಣವನ್ನೂ ಹೇಳುತ್ತಾನೆ. ವೇಷ ಇನ್ನೂ ಬದಲಾಗಿಲ್ಲ. ಮಾತು ಮುಗಿಯುವ ಹೊತ್ತಿಗೆ ಉತ್ತರ ಕೈಮುಗಿದಿರುತ್ತಾನೆ. ರಂಗದ ಮೇಲೆ ಆ ಹೆಸರುಗಳನ್ನು ಹೇಳುವಾಗ ಮುಂದಿನ ಸಾಲಿನ ಗುಸುಗುಸು ಕೂಡ ಅಡಗಿದ್ದನ್ನು ನಾನು ಗಮನಿಸಿದ್ದೇನೆ. ರೂಪ ತಡೆದು ನಿಲ್ಲಿಸಿದ ನಂಬಿಕೆಯನ್ನು ಮಾತು ದಾಟಿಸಬಲ್ಲದು ಎಂಬುದಕ್ಕೆ ನಮ್ಮ ಪುರಾಣವೇ ಕೊಟ್ಟ ದೃಷ್ಟಾಂತ ಅದು.

ಚೆಂದ ಮತ್ತು ಕುರೂಪದ ವಿಷಯದಲ್ಲೂ ಯಕ್ಷಗಾನಕ್ಕೆ ತನ್ನದೇ ಆಲೋಚನೆ ಇದೆ. ಪಂಚವಟಿಯಲ್ಲಿ ಘೋರ ಶೂರ್ಪನಖಿ ಒಂದು ವೇಷ, ಮಾಯಾ ಶೂರ್ಪನಖಿ ಇನ್ನೊಂದು. ಬಣ್ಣದ ವೇಷದವರು ಮಾಡುವ ಘೋರರೂಪ ದಿಟದ್ದು, ಸ್ತ್ರೀವೇಷದವರು ಮಾಡುವ ಚೆಲುವೆ ಮಾಯೆ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಟ್ಟಿ ಇಡುತ್ತ ಕೂರುವ ತಾಳ್ಮೆಯನ್ನು ಹತ್ತಿರದಿಂದ ನೋಡಿದವರು ಘೋರರೂಪವನ್ನು ಕುರೂಪ ಎನ್ನಲಾರರು. ಮೈಬಣ್ಣ ಕಪ್ಪೆಂದು ಮದುವೆಯ ಮಾತುಕತೆಗಳಲ್ಲಿ ಕೇಳಿಸಿಕೊಂಡು ಬೆಳೆದ ನನಗೆ ಅದೊಂದು ದೊಡ್ಡ ಸಮಾಧಾನ. ಚೆಲುವು ಕಾಣುವ ಕಡೆಯಲ್ಲೆಲ್ಲ ಒಳ್ಳೆಯತನವನ್ನೂ ಹುಡುಕಬೇಡಿ ಎಂದು ನಮ್ಮ ಆಟ ಎಷ್ಟೋ ತಲೆಮಾರುಗಳಿಂದ ಹೇಳುತ್ತ ಬಂದಿದೆ.

ರೂಪವನ್ನೇ ಪ್ರಶ್ನೆಯಾಗಿಸಿದವರು

ಯಕ್ಷಗಾನದ ಆಚೆಗೆ ಕಣ್ಣು ಹಾಯಿಸಿದಾಗ ಇಬ್ಬರು ಕನ್ನಡನಾಡಿನ ಕಲಾವಿದೆಯರಿಂದ ನಾನು ಕಲಿತಿದ್ದೇನೆ. ಒಬ್ಬರು ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆಯಿಂದ ಬಂದ ಇವರು ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರ ನಡುವೆ ಮಾಡಿದ, ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಚಿತ್ರಮಾಲೆಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ. ಅಳತೆಯ ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಬ್ರಿಟಿಷರ ಕಾಲದಲ್ಲಿ ತೆಗೆಯುತ್ತಿದ್ದ ಬುಡಕಟ್ಟು ಹೆಂಗಸಿನ ಫೋಟೊದ ಮಾದರಿಯೂ ಆಗುತ್ತಾರೆ. ಎರಡರಲ್ಲೂ ಮುಖ ಒಂದೇ. ಒಂದರ ಮುಂದೆ ಕೈಮುಗಿಯುವಂತೆ, ಇನ್ನೊಂದರ ಮುಂದೆ ಅಳತೆಪಟ್ಟಿ ಹಿಡಿಯುವಂತೆ ನಮ್ಮನ್ನು ತಯಾರು ಮಾಡಿದವರು ಯಾರು ಎಂದು ಆ ಚಿತ್ರಗಳು ಕೇಳುತ್ತವೆ. ಮುಂಡಾಸಿನ ಕೆಳಗೂ ಕೌಂಟರಿನ ಹಿಂದೂ ಒಂದೇ ಮುಖ ಇಟ್ಟುಕೊಂಡು ತಿರುಗುವ ನನಗೆ ಆ ಪ್ರಶ್ನೆ ತೀರಾ ಹತ್ತಿರದ್ದು.

ಇನ್ನೊಬ್ಬರು ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ. ಗಂಡುಮಗುವೆಂದು ಬೆಳೆಸಿದ ಮನೆಯನ್ನು ದಾಟಿ, ಜೋಗತಿಯಾಗಿ, ಕಾಳವ್ವ ಜೋಗತಿಯವರಿಂದ ಕುಣಿತ ಕಲಿತು, ಹಸಿವು, ಅವಮಾನ ಎಲ್ಲವನ್ನೂ ಉಂಡವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಪ್ರಶಸ್ತಿಗೆ ಕೈಯೊಡ್ಡುವ ಮೊದಲು ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ನಿವಾಳಿಸಿದರು. ಅಂಥ ಸಭೆಗೆ ತಕ್ಕ ಬೇರೆ ರೂಪವೊಂದನ್ನು ಅವರು ಎರವಲು ತರಲಿಲ್ಲ. ಬೀದಿಯಲ್ಲಿ ಹೇಗೆ ಹರಸುತ್ತಿದ್ದರೋ ಹಾಗೆಯೇ ಅಲ್ಲೂ ಹರಸಿದರು. ವೇಷದಲ್ಲಿ ಸಿಗುವ ಗೌರವವನ್ನು ವೇಷದ ಹೊರಗಿನ ಬದುಕಿಗೂ ತಂದುಕೊಳ್ಳಬಹುದು ಎಂದು ನನಗೆ ಅನ್ನಿಸಿದ್ದು ಆ ದೃಶ್ಯವನ್ನು ಟಿವಿಯಲ್ಲಿ ನೋಡಿದ ದಿನ.

ಬಣ್ಣವಿಲ್ಲದ ಅರ್ಜುನ

ಆ ಅನಿಸಿಕೆಯನ್ನು ಪರೀಕ್ಷೆ ಮಾಡಲು ನಮ್ಮಲ್ಲೇ ಒಂದು ದಾರಿಯಿದೆ. ಮಳೆಗಾಲದಲ್ಲಿ ಬಯಲಾಟ ನಿಂತಾಗ ತಾಳಮದ್ದಲೆ. ಅಲ್ಲಿ ಬಣ್ಣವಿಲ್ಲ, ಮುಂಡಾಸಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಲೆ, ಎದುರುಬದುರು ಕೂತ ಅರ್ಥಧಾರಿಗಳು, ಅಷ್ಟೇ. ಸಾಮಾನ್ಯ ಹತ್ತಿಸೀರೆಯಲ್ಲಿ ಕೂತು ನಾನು ಕೃಷ್ಣಭಕ್ತ ಸುಧನ್ವನ ಎದುರು ಅರ್ಜುನನ ಅರ್ಥ ಹೇಳುವಾಗ ಮೊದಲ ಪದ್ಯಕ್ಕೆ ಜನರ ಕಣ್ಣು ನನ್ನ ಸೀರೆಯ ಮೇಲಿರುತ್ತದೆ. ವಾದ ಬಿಗಿಯಾದಂತೆ, ಭಕ್ತಿ ದೊಡ್ಡದೋ ಸಖ್ಯ ದೊಡ್ಡದೋ ಎಂಬಲ್ಲಿ ಮಾತಿಗೆ ಮಾತು ಕೂಡಿದಂತೆ, ಕೇಳುವವರು ಮುಂದಕ್ಕೆ ಬಾಗುತ್ತಾರೆ. ಕೊನೆಯಲ್ಲಿ ಯಾರೋ ಹಿರಿಯರು ಬಂದು ‘ಅರ್ಜುನ ಆ ಮಾತನ್ನು ಬಿಡಬಾರದಿತ್ತು’ ಎಂದು ಜಗಳಕ್ಕೇ ನಿಲ್ಲುತ್ತಾರೆ. ಹೆಂಗಸಾಗಿ ಚೆನ್ನಾಗಿ ಹೇಳಿದಿರಿ ಎಂಬ ಮಾತು ಅಲ್ಲಿ ನನ್ನ ಕಿವಿಗೆ ಬೀಳುವುದು ಅಪರೂಪ. ನನ್ನ ಜತೆ ಜಗಳ ತೆಗೆದ ಆ ಹಿರಿಯರಷ್ಟು ದೊಡ್ಡ ಗೌರವವನ್ನು ನನಗೆ ಯಾವ ಸನ್ಮಾನವೂ ಕೊಟ್ಟಿಲ್ಲ.

ಹಾಗೆಂದು ವೇಷ ಬೇಡ ಎನ್ನಲಾರೆ. ತಲೆ ಎತ್ತಿ ನಿಲ್ಲುವುದನ್ನು ಮುಂಡಾಸು ಕಲಿಸದಿದ್ದರೆ ಸೀರೆಯಲ್ಲಿ ಕೂತು ಅರ್ಜುನನ ಮಾತಾಡುವ ಗಂಟಲು ನನಗೆ ಬರುತ್ತಿರಲಿಲ್ಲ. ಅದಕ್ಕೇ ನಮ್ಮ ತಂಡದಲ್ಲಿ ಕಲಿಯಲು ಬರುವ ಹುಡುಗಿಯರಿಗೆ ಪುರುಷವೇಷವನ್ನೂ ಹುಡುಗರಿಗೆ ಸ್ತ್ರೀವೇಷವನ್ನೂ ಕಡ್ಡಾಯವಾಗಿ ಒಮ್ಮೆ ಕಟ್ಟಿಸುತ್ತೇವೆ. ಸೀರೆಯ ನೆರಿಗೆ ಹಿಡಿದು ಮೆಟ್ಟಿಲು ಹತ್ತುವುದು ಎಂಥ ಕೆಲಸ ಎಂದು ಹುಡುಗನಿಗೆ ಗೊತ್ತಾಗಲಿ. ಕಾಲು ಅಗಲಿಸಿ ನಿಂತರೆ ನೆಲ ಎಷ್ಟು ಗಟ್ಟಿ ಎಂದು ಹುಡುಗಿಗೆ ಗೊತ್ತಾಗಲಿ. ಆಮೇಲೆ ಎಲ್ಲರನ್ನೂ ಮಾಮೂಲಿ ಬಟ್ಟೆಯಲ್ಲೇ ಕೂರಿಸಿ ತಾಳಮದ್ದಲೆಯ ಅಭ್ಯಾಸ ಮಾಡಿಸುತ್ತೇವೆ, ವೇಷದಲ್ಲಿ ಪಡೆದದ್ದು ವೇಷವಿಲ್ಲದಾಗಲೂ ಬಾಯಿಗೆ ಬರಲಿ ಎಂದು.

ಇದು ಕಲಿಯುವವರ ಪಾಲಿನ ಕೆಲಸ. ಇನ್ನರ್ಧ ನೋಡುವವರದು. ಆಟ ಆಡಿಸುವವರು ಕರಪತ್ರದಲ್ಲಿ ‘ಮಹಿಳಾ ಅರ್ಜುನ’ ಎಂದು ವಿಶೇಷಣ ಹಚ್ಚದೆ ಕಲಾವಿದೆಯ ಹೆಸರು ಹಾಕಿದರೆ ಸಾಕು. ಸ್ತ್ರೀವೇಷಕ್ಕೆ ಚಪ್ಪಾಳೆ ತಟ್ಟಿದವರು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗನ ನಡಿಗೆಗೆ ನಗುವವರ ಬಾಯಿ ಮುಚ್ಚಿಸಬೇಕು. ಕಚೇರಿಯಲ್ಲಿ, ಅಂಗಡಿಯಲ್ಲಿ, ಸಭೆಯಲ್ಲಿ ಯಾರಾದರೂ ಮಾತಾಡಲು ಎದ್ದಾಗ, ಅವರ ಉಡುಪು, ಮೈಬಣ್ಣ, ದನಿ ನೋಡಿ ತೀರ್ಪು ಬರೆಯುವ ಮುಂಚೆ ಒಂದು ಪದ್ಯದಷ್ಟು ಹೊತ್ತು ಕೇಳಿಸಿಕೊಳ್ಳಿ. ಉತ್ತರನಿಗೂ ಅಷ್ಟೇ ಹೊತ್ತು ಬೇಕಾಯಿತು, ಎದುರಿಗಿರುವುದು ಯಾರೆಂದು ತಿಳಿಯಲು.